ನಾಯಕಿ ಬರುವವರೆಗೆ ಲಸ್ತ್ರಿ

ಬೆಳಗಿನ ನಮಾಜು ಮುಗಿದಿದೆ. ಸಲಾತಿಗ ಊರಿನ ಬೆಟ್ಟದ ಮಂಜು ಇನ್ನೂ ಅಂಗಳದಲ್ಲೇ ಇದೆ. ಸಿನಿಮಾದವರು ಆಸ್ಪತ್ರೆಯಾಗಿ ಮಾಡಿಕೊಂಡ ಹಳೆಯ ಶಾಲೆಯಲ್ಲಿ, ಕಬ್ಬಿಣದ ಮಂಚದ ಮೇಲೆ ಲಸ್ತ್ರಿ ಅಲುಗಾಡದೆ ಕೂತಿದ್ದಾಳೆ. ಹೊತ್ತು ಹೋಗಲೆಂದು ಅಮ್ಮ ಕಲಿಸಿದ ಪದ್ಯವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ. ಅವಳ ಮುಖಕ್ಕೆ ಬೆಳಕು ಹೊಂದಿಸುತ್ತಾರೆ. ಹೊಂದಿದ ಮೇಲೆ ನಾಯಕಿ ನಾದ್ಯಾ ಬರುತ್ತಾಳೆ, ಲಸ್ತ್ರಿ ಎದ್ದು ಹೋಗುತ್ತಾಳೆ. ದಿನಕ್ಕೆ ಐದು ಗಂಟೆ; ಇವತ್ತಿಗೆ ನಲವತ್ತೊಂದು ದಿನ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಬಣ್ಣ. ಕೆಲಸ ಸಿಕ್ಕಿದ್ದು ಅದರಿಂದ.

ಸಿನಿಮಾ ಮನೋರೋಗದ ಜೊತೆ ಬದುಕುವ ಮೂವರು ಹುಡುಗಿಯರದು. ಲಸ್ತ್ರಿಯ ಕಿವಿಯಲ್ಲಿ ದನಿಗಳು ಶುರುವಾದದ್ದು ಹತ್ತೊಂಬತ್ತನೇ ವಯಸ್ಸಿಗೆ. ಹದಿನಾಲ್ಕು ತಿಂಗಳು ಆಸ್ಪತ್ರೆಯ ವಾರ್ಡು, ಎಂಟು ವರ್ಷದಿಂದ ಮಾತ್ರೆ. ಎಲ್ಲರೂ 'ಬು', ಅಂದರೆ ಅಮ್ಮ, ಎಂದು ಕರೆಯುವ ಮೇಕಪ್ಪಿನ ಬು ಮಾರ್ಸಿಗೆ ಮಾತ್ರ ಇದು ಗೊತ್ತಿತ್ತು. "ನಂಗೆ ಬಂದಾಗ ನೆಂಟರು ಬಾಗಿಲು ಹಾಕ್ಕೊಂಡ್ರು. ಅದನ್ನೇ ನಾದ್ಯಾ ಮಾಡಿ ತೋರಿಸಿದ್ರೆ ಚಪ್ಪಾಳೆ," ಎನ್ನುತ್ತಾಳೆ ಲಸ್ತ್ರಿ. "ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ."

ಮೊನ್ನೆ ಮಾತ್ರೆಯ ದೃಶ್ಯಕ್ಕೆ ಬೆಳಕು ಹೊಂದಿಸುವಾಗ ಅವಳಿಗೊಂದು ಸಕ್ಕರೆ ಬಿಲ್ಲೆ ಕೊಟ್ಟರು. ನುಂಗಿದವಳೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿಬಿಟ್ಟಳು. ಮಾತ್ರೆ ಅಡಗಿಸಿಟ್ಟಿಲ್ಲವೆಂದು ವಾರ್ಡಿನಲ್ಲಿ ನರ್ಸಿಗೆ, ಈಗ ಮನೆಯಲ್ಲಿ ಅಮ್ಮನಿಗೆ ತೋರಿಸಿ ರೂಢಿ. ನಿರ್ದೇಶಕರು ಅದನ್ನು ಕಂಡು, ನಾದ್ಯಾ ಹೀಗೇ ಮಾಡಲಿ ಎಂದರು.

ನಾದ್ಯಾ ಏಳು ಸಲ ಮಾಡಿದಳು. ಏಳು ಸಲವೂ ಏನೋ ಕೊರತೆ. ಏನೆಂದು ಲಸ್ತ್ರಿಗೆ ಗೊತ್ತಿತ್ತು. ನೋಡುವವರು 'ಸಾಕು' ಅನ್ನುವವರೆಗೆ ಬಾಯಿ ಮುಚ್ಚುವಂತಿಲ್ಲ. ನಾದ್ಯಾ ತಾನೇ ಮುಚ್ಚಿಕೊಳ್ಳುತ್ತಿದ್ದಳು. ಲಸ್ತ್ರಿ ಹೇಳಲಿಲ್ಲ. ನಾಲಿಗೆ ಎತ್ತುವುದನ್ನು ತೆಗೆದುಕೊಂಡದ್ದಾಯಿತು, ಇದನ್ನೂ ಕೊಡಬೇಕೇ ಎಂದು ಹುಣಸೆ ಮಿಠಾಯಿ ಚೀಪುತ್ತ ಗೋಡೆಗೊರಗಿ ನಿಂತಳು.

ಬು ಮಾರ್ಸಿ ಪೌಡರ್ ಡಬ್ಬಿ ಮುಚ್ಚಿ ಪಕ್ಕಕ್ಕೆ ಬಂದಳು. "ಏನೋ ಬಚ್ಚಿಟ್ಕೊಂಡಿದೀಯ ಅಲ್ವೇನೇ? ಎಲ್ಲಿ, ನಾಲಿಗೆ ಎತ್ತು ನೋಡೋಣ."

ಲಸ್ತ್ರಿಗೆ ನಗು ಬಂತು. ಎಂಟನೇ ಸಲಕ್ಕೆ ಕ್ಯಾಮೆರಾದ ಪಕ್ಕ ಹೋಗಿ ನಿಂತು, ತಾನು ಹೇಳುವವರೆಗೆ ಮುಚ್ಚಬೇಡ ಎಂದು ನಾದ್ಯಾಳಿಗೆ ಹೇಳಿದಳು. ನಾದ್ಯಾ ಬಾಯಿ ತೆರೆದಳು. ಲಸ್ತ್ರಿ ಒಂದಿಡೀ ಪದ್ಯದಷ್ಟು ಹೊತ್ತು ಕಾಯಿಸಿದಳು. ಬೇಕಾದ್ದಕ್ಕಿಂತ ಹೆಚ್ಚೇ ಕಾಯಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತಾಳೆ. ನಾದ್ಯಾಳ ಗದ್ದ ನಡುಗಿತು, ಕಣ್ಣು ತುಂಬಿತು. ಆಮೇಲೆ ಲಸ್ತ್ರಿ ಮೆಲ್ಲಗೆ ಅಂದಳು, "ಸಾಕು."

ಆ ದನಿಯನ್ನು ಸಿನಿಮಾದಲ್ಲಿ ಹಾಗೇ ಉಳಿಸುತ್ತಾರಂತೆ. ಮುಖ ಕಾಣುವುದಿಲ್ಲ. ತೆರೆಯ ಮೇಲೆ ಹೆಸರು ಬಂದರೆ ಅಮ್ಮನಿಗೆ ತೋರಿಸುವ ಆಸೆ.

ಹೊಟ್ಟೆಯುರಿ ಹೋಯಿತೇ ಎಂದರೆ, ಎಲ್ಲಿ ಹೋಗುತ್ತೆ ಎನ್ನುತ್ತಾಳೆ. "ಆದ್ರೆ ಎಂಟು ವರ್ಷ 'ಸಾಕು' ಅನ್ನೋ ಮಾತನ್ನ ಬೇರೆಯವ್ರು ನಂಗೆ ಹೇಳಿದ್ರು. ಈ ಸಲ ಹೇಳಿದ್ದು ನಾನು."