ಅಟ್ಟದ ಕೆಳಗಿನ ಕೋಣೆ

ಕಾಯಿ ಕೀಳುವ ಆಳು ಬರಲಿಲ್ಲವೆಂದು ಅವತ್ತು ನನ್ನ ಗಂಡನೇ ಮರ ಹತ್ತಿದರು. ಕಣಕಟ್ಟೆಯ ನಮ್ಮ ತೋಟದಲ್ಲಿ ನಾನು ಬೆನ್ನು ತಿರುಗಿಸಿ ಬಿದ್ದ ಕಾಯಿ ಗುಡ್ಡೆ ಹಾಕುತ್ತಿದ್ದೆ. ಅತ್ತೆ ಸ್ವಲ್ಪ ದೂರದಲ್ಲಿ ಗರಿ ಎಳೆದು ಹಾಕುತ್ತಿದ್ದರು. ಹಿಂದೆ ಧಡಕ್ಕನೆ ಸದ್ದಾಯಿತು. ಗೊನೆಯೆಂದುಕೊಂಡು, ತಿರುಗದೆಯೇ, "ಮೆಲ್ಲಗೆ ಹಾಕ್ರೀ, ಕಾಯಿ ಒಡ್ದೋಯ್ತವೆ" ಎಂದೆ. ಬಿದ್ದದ್ದು ಅವರು.

ತೊಂಬತ್ತರ ದಶಕದ ಕೊನೆ ಅದು. ತಿಥಿ ಮುಗಿದ ಮೇಲೆ ನನ್ನ ಮೈ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಹೊಟ್ಟೆ ತೊಳಸಿ ಹಿತ್ತಲಿಗೆ ಓಡಬೇಕಾಗುತ್ತಿತ್ತು. ಮುಟ್ಟು ತಿಂಗಳುಗಟ್ಟಲೆ ನಿಂತೇಹೋಯಿತು. ಅರಸೀಕೆರೆಯ ಡಾಕ್ಟರು ಇಸಿಜಿ ತೆಗೆಸಿ, "ಹಾರ್ಟು ಚೆನ್ನಾಗಿದೆಯಮ್ಮ, ಬರೀ ಗ್ಯಾಸು" ಎಂದು ಮಾತ್ರೆ ಬರೆದರು. ಹಾಳು ಗ್ಯಾಸು! ಹೆಂಗಸಿಗೆ ಏನಾದರೂ ಅದೇ ಹೆಸರು. ಜೀವ ಹೋದಂತಾಗುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು ನಂಬಿದ್ದರೆ ಸಾಕಿತ್ತು ನನಗೆ.

ಅತ್ತೆ ಕೆಟ್ಟವರಲ್ಲ. "ಒಳಗಡೆ ಕ್ವಾಣೇಲಿ ಮಲಿಕ್ಕಳವ್ವ, ಗಲಾಟೆ ಇರಾಕಿಲ್ಲ" ಎಂದು ತಾವೇ ಹಾಸಿಗೆ ಹಾಸಿಕೊಟ್ಟರು. ಆ ಕೋಣೆಯ ಮೇಲೆಯೇ ಅಟ್ಟ, ಕಾಯಿ ಒಣಗಿ ಕೊಬ್ಬರಿಯಾಗಲು ಹರಡುವ ಜಾಗ. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮುಂದಿನ ಕೊಯ್ಲಿನ ಕಾಯಿ ಅಟ್ಟಕ್ಕೆ ತುಂಬುವ ದಿನ ಬಂತು. ಆಳುಗಳು ಕೆಳಗಿನಿಂದ ಎಸೆಯುತ್ತಿದ್ದರು. ನನ್ನ ತಲೆಯ ಮೇಲಿನ ಹಲಗೆಗೆ ಧಡ್, ಧಡ್. ಮೊದಲ ಸದ್ದಿಗೇ ಕೂತಲ್ಲೇ ಸೀರೆ ಒದ್ದೆಯಾಯಿತು. ನಾಚಿಕೆಯಿಂದ ಸತ್ತೇಹೋದೆ. ಆದರೆ ಆಗಲೇ ತಿಳಿದದ್ದು: ಗ್ಯಾಸೂ ಅಲ್ಲ, ಮಣ್ಣೂ ಅಲ್ಲ, ಆ ಸದ್ದು. ಅತ್ತೆಗೆ ಹೇಳಲೇಬೇಕೆಂದು ಹಿತ್ತಲಿಗೆ ಓಡಿದೆ.

ಅವರು ಹುಲ್ಲಿನ ಬಣವೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡಿದ್ದರು. ಒಳಗೆ ಕಾಯಿ ಬಿದ್ದಾಗಲೆಲ್ಲ ಅವರ ಹೆಗಲು ಅದುರುತ್ತಿತ್ತು. ನನ್ನನ್ನು ಕಂಡವರೇ ಸೆರಗು ಕೆಳಗೆ ಬಿಟ್ಟರು.

"ಗ್ಯಾಸು ಕಣವ್ವ" ಎಂದರು. ಸೆರಗಿನ ಗಂಟು ಬಿಚ್ಚಿ ಓಂಕಾಳು ತೆಗೆದು, ಅರ್ಧ ನನ್ನ ಅಂಗೈಗೆ ಹಾಕಿದರು.

ಓಂಕಾಳು ಬಾಯಿಗೆ ಹಾಕಿಕೊಂಡೆ. "ಹೂಂ ಅತ್ತೆ, ನಂಗೂ ಅದೇಯ" ಎಂದು ಪಕ್ಕದಲ್ಲಿ ಕೂತೆ. ಅಟ್ಟ ತುಂಬುವವರೆಗೂ ಇಬ್ಬರೂ ಓಂಕಾಳು ಅಗಿಯುತ್ತಾ ಕೂತಿದ್ದೆವು. ಅವರ ಮಗನ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.