ನಾನು ಎಳೆದ ಚುಕ್ಕೆಗೆರೆ

ಭಾನುವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಗುರುತಿಲ್ಲದ ನಂಬರಿನಿಂದ ಸಂದೇಶ ಬಂತು: ‘ಸಾರ್, ಮ್ಯಾಪಿನಲ್ಲಿ ನೀವು ಹಾಕಿರುವ ಕಾಮಸಮುದ್ರದ ಗುಡ್ಡದ ದಾರಿಯಲ್ಲಿದ್ದೇವೆ. ಮಕ್ಕಳೂ ಇದ್ದಾರೆ. ಮುಳ್ಳುಕೊಂಬೆ ಅಡ್ಡ ಇದೆ. ತೆಗೆದು ಹೋಗಬಹುದಾ?’

‘ಬೇಡ, ವಾಪಸ್ ಬನ್ನಿ’ ಎಂದು ಬರೆದೆ. ತಲುಪಿದ ಗುರುತು ಬರಲಿಲ್ಲ. ಫೋನು ಮಾಡಿದೆ, ಸಿಗಲಿಲ್ಲ. ಆ ಗುಡ್ಡದ ಹಿಂದೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬದುಕಿಡೀ ಭೂಗೋಳ ಪಾಠ ಹೇಳಿದ ಮೇಷ್ಟ್ರು ನಾನು. ನಿವೃತ್ತನಾದ ಮೇಲೆ ಹೊಸ ಫೋನು ಬಂತು, ಜೊತೆಗೆ ಹೊಸ ಹುಚ್ಚೂ ಬಂತು. ಒಂದು ಬೇಸಿಗೆಯಲ್ಲಿ ಮೇಕೆಗಳ ಹಿಂದೆ ಆ ಗುಡ್ಡ ಹತ್ತಿಳಿದು, ನಡೆದಷ್ಟನ್ನೂ ಮ್ಯಾಪಿಗೆ ಚುಕ್ಕೆಗೆರೆಯಾಗಿ ಏರಿಸಿದೆ. ಕೆಳಗೆ ನನ್ನ ಹೆಸರು, ಸಾಲದೆಂದು ಫೋನ್ ನಂಬರು. ಮೇಕೆ ಹೋದದ್ದೆಲ್ಲ ದಾರಿಯಲ್ಲ ಎಂದು ಮಕ್ಕಳಿಗಾದರೆ ಹೇಳಿಕೊಡುತ್ತಿದ್ದೆನೇನೋ!

ಮಳೆಗಾಲ ಕಳೆದ ಮೇಲೆ ಗೆಳೆಯ ಮುರುಗೇಶನಿಗೆ ಆ ದಾರಿ ತೋರಿಸಲು ಹೊರಟೆ. ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವವನು ಅವನು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಜಾಲಿಮುಳ್ಳಿನ ಕೊಂಬೆಯೊಂದು ಅಡ್ಡ ಬಿದ್ದಿತ್ತು, ಅದರ ಬುಡಕ್ಕೊಂದು ಕಲ್ಲು ಹೇರಿದ್ದರು.

“ಯಾರೋ ಬೇಕಂತಲೇ ಇಟ್ಟವ್ರೆ ಮೇಷ್ಟ್ರೇ, ಬ್ಯಾಡ,” ಎಂದ ಮುರುಗೇಶ.

“ಸೌದೆಗೆ ಕಡಿದಿಟ್ಟಿದ್ದಾರೆ. ಮ್ಯಾಪ್ ನೋಡು, ದಾರಿ ನೇರ ಇದೆ,” ಎಂದೆ. ಮ್ಯಾಪ್ ಬರೆದವನೇ ಪಕ್ಕದಲ್ಲಿರುವಾಗ ಅವನು ಪಾಪ ಏನು ಹೇಳಿಯಾನು? ಕಲ್ಲು ಉರುಳಿಸಿ, ಕೊಂಬೆ ಎಳೆದು ಪಕ್ಕಕ್ಕೆಸೆದೆ. ಮುರುಗೇಶ ಮುಂದೆ ನಡೆದ.

ಹತ್ತು ಹೆಜ್ಜೆ ಇಟ್ಟಿರಬೇಕು, ಮೇಲಿನಿಂದ ಹೆಂಗಸಿನ ಕೂಗು ಕೇಳಿತು. “ಏಯ್! ನಿಂತ್ಕಳ್ಳಿ ಅಲ್ಲೇ! ಕಾಲೆತ್ತಬ್ಯಾಡಿ!”

ಮುರುಗೇಶನ ಬಲಗಾಲು ಆಗಲೇ ಪೊದೆಯೊಳಗೆ ಮಂಡಿಯವರೆಗೆ ಇಳಿದಿತ್ತು. ಮಣ್ಣು ಜರಿದು ಬೀಳುವ ಸದ್ದು ಬಂತು. ಅದು ತಳ ಮುಟ್ಟುವ ಸದ್ದು ಮಾತ್ರ ಬಹಳ ತಡವಾಗಿ ಬಂತು. ನಾನು ಅವನ ಅಂಗಿ ಹಿಡಿದೆ. ಮೇಕೆ ಮೇಯಿಸುವ ಮುನಿಯಮ್ಮ ಓಡಿ ಬಂದು ಉದ್ದನೆಯ ಕೋಲು ಚಾಚಿದಳು. ಇಬ್ಬರೂ ಸೇರಿ ಅವನನ್ನು ಎಳೆದುಕೊಂಡೆವು.

ನಮ್ಮದು ಚಿನ್ನದ ಗಣಿಯ ಸೀಮೆ; ಯಾರೋ ಯಾವ ಕಾಲದಲ್ಲೋ ಚಿನ್ನ ಹುಡುಕಿ ಹಾಗೇ ಬಿಟ್ಟುಹೋದ ಗುಂಡಿ ಅದು. ಮಳೆಗೆ ಬಾಯಿ ಬಿಟ್ಟಿತ್ತು.

“ಮುಳ್ಳಾಕಿ ಕಲ್ಲೇರಿದ್ರೆ ದಾರಿ ಮುಚ್ಚೈತೆ ಅಂತ ನಮ್ ಕಡೆ ಕೂಸ್ಗೂ ಗೊತ್ತು. ನಿಮ್ಗೆ ಗೊತ್ತಾಗ್ಲಿಲ್ವಾ ಸೋಮಿ? ಓದ್ ವಾರ ನನ್ ಮೇಕೆ ಬಿದ್ದು ಸತ್ತೋಯ್ತು,” ಎಂದಳು. ಆಮೇಲೆ ಕೊಂಬೆಯತ್ತ ಕೈ ತೋರಿಸಿದಳು. “ಎಸ್ದೋರೇ ತಂದಾಕಿ. ಕಲ್ಲೂ ಏರಿ. ಇಲ್ದಿದ್ರೆ ಗಾಳಿಗೆ ಓಗ್ತದೆ.”

ಮುಳ್ಳು ಚುಚ್ಚಿದ ಕೈಯಲ್ಲೇ ಕಲ್ಲು ಹೇರಿದೆ. ಮುರುಗೇಶನನ್ನು ಕರೆದುಕೊಂಡು ಬಂಗಾರಪೇಟೆ ರಸ್ತೆಗೆ ಇಳಿದೆ.

ಇಷ್ಟಾದ ಮೇಲೂ ಆ ಗೆರೆಯನ್ನು ನಾನು ಅಳಿಸಲಿಲ್ಲ. ಯಾರು ಯಾರೋ ‘ಸೂಪರ್ ದಾರಿ ಸಾರ್’ ಎಂದು ಬರೆಯುತ್ತಿದ್ದರು. ನಾಳೆ ಅಳಿಸಿದರಾಯಿತು ಎಂದುಕೊಳ್ಳುತ್ತಲೇ ವರ್ಷ ಕಳೆದೆ. ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಕಾಫಿ ಆರಿತ್ತು. ಹನ್ನೊಂದನೇ ಸಲ ಫೋನು ಮಾಡುತ್ತಿದ್ದೆ. ಅಷ್ಟರಲ್ಲಿ ಸಂದೇಶ ಬಂತು.

‘ಮುಳ್ಳು ತೆಗೆದು ಸ್ವಲ್ಪ ಮುಂದೆ ಹೋಗಿದ್ದೆವು ಸಾರ್. ನಿಮ್ಮ ಮೆಸೇಜ್ ಈಗ ಬಂತು. ವಾಪಸ್ ಬಂದು ಮುಳ್ಳಿನ ಹತ್ತಿರವೇ ನಿಂತಿದ್ದೇವೆ. ಎಲ್ಲರೂ ಇದ್ದೇವೆ.’

ಮೊದಲು ಗೆರೆ ಅಳಿಸಿದೆ. ಕಣ್ಣೊರೆಸಿಕೊಂಡು ಆಮೇಲೆ ಉತ್ತರ ಬರೆದೆ: ‘ಮುಳ್ಳನ್ನು ಇದ್ದ ಹಾಗೇ ಅಡ್ಡ ಇಡಿ. ಮೇಲೆ ಕಲ್ಲು ಹೇರಿ ಬನ್ನಿ.’