ಮಾಮನ ಅಂಗಿಯ ತೋಳು

ಆ ‘ಚರ್ರ್’ ಎಂಬ ಸದ್ದು ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಯಾರೋ ಪೇಪರ್ ಹರಿದರೂ ಬೆಚ್ಚಿ ಬೀಳುತ್ತೇನೆ.

ಹೋದ ವಾರ ಕೊಡ್ಲಿ ಊರಿಗೆ ಹೋಗಿದ್ದೆ. ಸೋದರತ್ತೆ ಚಂದಮ್ಮನ ಹೊಲದಲ್ಲಿ ತೊಗರಿ ರಾಶಿ. ನಮ್ಮ ಕಡೆ ಹೆಂಗಸರು ಹೊಲದ ಕೆಲಸಕ್ಕೆ ಸೀರೆಯ ಮೇಲೆ ಗಂಡಸರ ಫುಲ್ ತೋಳಿನ ಅಂಗಿ ಹಾಕುತ್ತಾರಲ್ಲ? (ತೊಗರಿ ಧೂಳಿನ ತುರಿಕೆ ಉಂಡವರಿಗೇ ಗೊತ್ತು.) ಅತ್ತೆ ಹಾಕಿದ್ದು ತೀರಿಹೋದ ಮಾಮನ ಅಂಗಿ. ಅವಳ ಮೈಗೆ ಭಾರೀ ದೊಡ್ಡದು.

“ಹೊಸಾದು ತಂದು ಕೊಡ್ಲೇನತ್ತಿ?” ಅಂದೆ.

“ಬ್ಯಾಡವ್ವ. ಇದು ಮೈಮ್ಯಾಲಿದ್ರ ನಿಮ್ಮ ಮಾಮ ಬಾಜೂಕೇ ನಿಂತು ಬೈಲಿಕತ್ತಾರ ಅನಸ್ತದ” ಎಂದು ನಕ್ಕಳು.

ತೊಗರಿ ಒಕ್ಕುವ ರಾಶಿ ಮಷೀನಿನ ಬೆಲ್ಟಿಗೆ ಮುಚ್ಚಳವೇ ಇರಲಿಲ್ಲ. ಬೆಲ್ಟ್ ಜಾರಿದಾಗಲೆಲ್ಲ ಮುಚ್ಚಳದ ಬೋಲ್ಟ್ ಬಿಚ್ಚುವವರು ಯಾರು? ಮಷೀನ್ ನಡೆಸುವ ಶರಣಪ್ಪ ಮುಚ್ಚಳವನ್ನೇ ತೆಗೆದು ಬೇವಿನ ಗಿಡದ ಕೆಳಗೆ ಒಗೆದಿದ್ದ. (ಅದರ ಮೇಲೆ ಕೂತೇ ನಾವು ಚಹಾ ಕುಡಿದೆವು.)

ಅತ್ತೆ ತೊಗರಿ ಸಿವುಡು ಎತ್ತಿ ಮಷೀನಿನ ಬಾಯಿಗೆ ಕೊಡುತ್ತಿದ್ದಳು. ಗುಂಡಿಯಿಲ್ಲದ ತೋಳು ಜೋಲುತ್ತಿತ್ತು. ಬೆಲ್ಟ್ ಅದನ್ನು ಹಿಡಿದು ಎಳೆಯಿತು. ನಾನು ಕಿರುಚಿದೆನೇ? ನೆನಪಿಲ್ಲ. ಚರ್ರ್! ಸವೆದ ಬಟ್ಟೆ ಭುಜದಿಂದಲೇ ಹರಿಯಿತು. ಅಂಗಿಯ ತೋಳು ಹೋಯಿತು, ಅತ್ತೆಯ ಕೈ ಉಳಿಯಿತು.

ನಾನು ತರುತ್ತೇನೆಂದ ಹೊಸ ಅಂಗಿಯಾಗಿದ್ದರೆ?

ಶರಣಪ್ಪ ಮಷೀನ್ ನಿಲ್ಲಿಸಿ ಓಡಿ ಬಂದ. “ಭುಜದ ಕೀಲು ಸರದದ. ತಡೀರಿ, ಒಮ್ಮಿ ಜಗ್ಗಿದ್ರ ಕುಂದರ್ತದ.”

“ಮುಟ್ಟಬ್ಯಾಡ್ರಿ!” ಅಂದೆ. ಕೈಯನ್ನು ಇದ್ದ ಹಾಗೆಯೇ ಎದೆಗೆ ಒರಗಿಸಿ, ಟವೆಲ್ ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿ ಕಾಳಗಿಯ ಆಸ್ಪತ್ರೆಗೆ ಕರೆದೊಯ್ದೆ. (ಕಾಲೇಜಿನ ಕ್ಯಾಂಪಿನಲ್ಲಿ ಕಲಿತದ್ದು.) “ಜಗ್ಗಲಿಲ್ಲಲ್ಲ, ಚಲೋ ಆತು. ನರಕ್ಕ ಪೆಟ್ಟು ಬೀಳ್ತಿತ್ತು” ಅಂದರು ಡಾಕ್ಟರು.

ವಾಪಸು ಬರುವ ದಾರಿಯುದ್ದಕ್ಕೂ ಅತ್ತೆಯ ಕಣ್ಣಲ್ಲಿ ನೀರು. ನೋವಿಗೇ?

“ಆ ತೋಳು ತಗೊಂಡಿಯೇನವ್ವ? ಹೊಲೀಲಿಕ್ಕ ಬರ್ತದ.”

ಅದು ಬೆಲ್ಟಿನಲ್ಲಿ ಚಿಂದಿಯಾಗಿತ್ತು. ಹೇಗೆ ಹೇಳಲಿ?

ಮನೆಗೆ ಬಂದವಳು ಟ್ರಂಕಿನಿಂದ ಮಾಮನ ಇನ್ನೊಂದು ಅಂಗಿ ತೆಗೆಸಿದಳು. ಉಳಿದದ್ದು ಅದೊಂದೇ. ಒಂದೇ ಕೈಯಲ್ಲಿ ಅದನ್ನು ಮುಖಕ್ಕೆ ಒತ್ತಿಕೊಂಡು ತುಸು ಹೊತ್ತು ಕೂತಳು. ಆಮೇಲೆ ನನ್ನತ್ತ ಚಾಚಿದಳು.

“ತೋಳು ಮೊಣಕೈ ತನಾ ಕತ್ತರಿಸು. ತುರಸಿದ್ರ ತುರಸ್ಲಿ. ಬರೋ ವರ್ಷ ರಾಶಿಗಿ ಬೇಕಲ್ಲ?”

ನಾನು ಕತ್ತರಿಸಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಮಷೀನು ಆಗಲೇ ಮುಂದಿನ ಹೊಲಕ್ಕೆ ಹೋಗಿದೆ. ಮುಚ್ಚಳ ಇನ್ನೂ ಬೇವಿನ ಗಿಡದ ಕೆಳಗಿದೆ.

ಅತ್ತೆ ಮಾಮನ ಅಂಗಿಯನ್ನೇ ಕತ್ತರಿಗೆ ಕೊಟ್ಟಳು. ನಾಲ್ಕು ಬೋಲ್ಟ್ ಬಿಗಿಯಲು ನಮಗೇನು ಧಾಡಿ?